ಉಪ್ಪುನೀರಿನ ಇಂಜಿನ್ ಇಳಿಸಿ ಹೀಟ್ ಎಕ್ಸ್‌ಚೇಂಜರ್ ಇಂಜಿನ್: ಕೆಲವು ಮಳೆಗಾಲ ಕಳೆದ ಮೇಲೆ

ಸಣ್ಣ ಬೋಟಿಗೆ ಇನ್‌ಬೋರ್ಡ್ (ಬೋಟಿನ ಒಳಗೆ ಕೂರುವ) ಇಂಜಿನ್ ಕೊಳ್ಳುವವರು ಎಷ್ಟು ಎಚ್‌ಪಿ ಎನ್ನುವ ಮೊದಲು ಕೂಲಿಂಗ್ ಯಾವುದೆಂದು ಕೇಳಿ. ನಾನು ತೆಗೆದುಕೊಂಡದ್ದು ಹೀಟ್ ಎಕ್ಸ್‌ಚೇಂಜರ್ ಇರುವ ಮೂರು ಸಿಲಿಂಡರ್ ಡೀಸೆಲ್. ಇಂಜಿನ್ ಒಳಗೆ ಸುತ್ತುವುದು ಕೂಲೆಂಟ್ ಎಂಬ ದ್ರವ, ಅದನ್ನು ತಣಿಸುವ ಉಪ್ಪುನೀರು ಎಕ್ಸ್‌ಚೇಂಜರ್‌ನಲ್ಲೇ ಬಂದು ಹೋಗುತ್ತದೆ. ರೇಟು ಜಾಸ್ತಿ. ಕೊಟ್ಟದ್ದಕ್ಕೆ ಬೇಸರವಿಲ್ಲ.

ಹಳೆಯ ಇಂಜಿನ್ನಿನ ಒಳಗೇ ಉಪ್ಪುನೀರು ಸುತ್ತುತ್ತಿತ್ತು, ಅದು ಸತ್ತದ್ದೇ ಉಪ್ಪಿನಿಂದ. ಮೊದಲು ಹೀಟ್ ಆಗತೊಡಗಿತು. ಇಂಪೆಲ್ಲರ್ (ನೀರಿನ ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರ) ಹೊಸದು ಹಾಕಿದೆವು. ನಮ್ಮ ಕಾಸರಗೋಡಿನ ಶಿರಿಯ ಅಳಿವೆಯ ಮರಳುನೀರು ಅದನ್ನು ಸವೆಸುವುದು ಮಾಮೂಲು. ಹೀಟ್ ಇಳಿಯಲಿಲ್ಲ. ಎಕ್ಸಾಸ್ಟ್ ಬೆಂಡ್ (ಹೊಗೆ ಹೋಗುವ ಬಾಗಿದ ಪೈಪು) ಬಿಚ್ಚಿದರೆ ಉಪ್ಪು, ಮಸಿ ಕಟ್ಟಿ ಕಿರುಬೆರಳೂ ಹೋಗದು. ಕೆರೆದು ತೆಗೆದ ಮೇಲೆ ಸ್ವಲ್ಪ ದಿನ ಸುಖ. ಆಮೇಲೆ ಬೆಳಗ್ಗೆ ಸ್ಟಾರ್ಟ್ ಆಗಲು ಹಠ, ಆದರೂ ಬಿಳಿ ಹೊಗೆ. ಫಿಲ್ಟರ್, ನಾಝಲ್, ಲೈನಿನ ಗಾಳಿ ಎಲ್ಲ ನೋಡಿಯಾಯಿತು. ಸಿಲಿಂಡರಿನ ಒತ್ತಡ ನೋಡುವ ಕಂಪ್ರೆಶನ್ ಗೇಜ್ ಹಾಕಿದಾಗ ಒಂದು ಸಿಲಿಂಡರ್ ತೀರಾ ಕೆಳಗೆ. ಮೆಕ್ಯಾನಿಕ್ ಅದರೊಳಗೆ ಸ್ವಲ್ಪವೇ ಆಯಿಲ್ ಬಿಟ್ಟು ಮತ್ತೆ ಗೇಜ್ ನೋಡಿದರು. ಆಗ ಕಂಪ್ರೆಶನ್ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ ಎಂದು ಲೆಕ್ಕ. ಏರದಿದ್ದರೆ ವಾಲ್ವ್ ಇಲ್ಲವೇ ಗ್ಯಾಸ್ಕೆಟ್. ಏರಲಿಲ್ಲ. ಡಿಪ್‌ಸ್ಟಿಕ್ಕಿನ ಆಯಿಲ್ ನೋಡಿದರೆ ಹಾಲು ಬೆರೆಸಿದ ಚಹಾ, ಅಂದರೆ ನೀರು ಸೇರಿದೆ. ಹೆಡ್ ಎತ್ತಿದಾಗ ನೀರಿನ ತೂತುಗಳ ಅಂಚೆಲ್ಲ ತಿಂದು ಹೋಗಿ, ಗ್ಯಾಸ್ಕೆಟ್ ಕೂರಲು ಜಾಗವೇ ಉಳಿದಿರಲಿಲ್ಲ. "ಅಣ್ಣಾ, ಇದಕ್ಕೆ ಇನ್ನು ದುಡ್ಡು ಹಾಕ್ಬೇಡಿ" ಎಂದರು.

"ಅದೇ ಜಾಗಕ್ಕೆ ಹಾಗೇ ಕೂರ್ತದೆ" ಎಂಬ, ಹೊಸ ಇಂಜಿನ್ ಮಾರಿದ ಅಂಗಡಿಯ ಮಾತು ಮಾತ್ರ ಪೂರಾ ಸುಳ್ಳು. ಇಂಜಿನ್ ಕೂರುವ ಬೆಡ್ ಅಗಲ ಬೇರೆ, ಗೇರ್‌ಬಾಕ್ಸ್ ರೇಷಿಯೋ ಬೇರೆ. ಹಳೇ ಫ್ಯಾನಿನಲ್ಲಿ (ಪ್ರೊಪೆಲ್ಲರ್) ಪೂರ್ತಿ ರೇಸ್ ಕೊಟ್ಟರೂ ಆರ್‌ಪಿಎಂ ಏರದೆ ಕಪ್ಪು ಹೊಗೆ; ಪಿಚ್ (ರೆಕ್ಕೆಯ ಓರೆ) ಕಡಿಮೆಯ ಫ್ಯಾನ್ ಹಾಕಿದ ಮೇಲೆ ಸರಿಹೋಯಿತು. ಈ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ. ಶಾಫ್ಟ್ ಅಲೈನ್‌ಮೆಂಟನ್ನು (ಶಾಫ್ಟಿಗೂ ಇಂಜಿನ್ನಿಗೂ ನೇರ ಕೂರಿಸುವುದನ್ನು) ದಡದಲ್ಲೇ ಮುಗಿಸಲು ಬಿಡಬೇಡಿ. ನೀರಿಗಿಳಿದ ಬೋಟಿನ ಹೊಟ್ಟೆ ಸ್ವಲ್ಪ ಆಕಾರ ಬದಲಿಸುತ್ತದೆ, ಹಾಗಾಗಿ ಕೊನೆಯ ಅಳತೆ ನೀರಿನಲ್ಲೇ ಆಗಬೇಕು. 4 ಇಂಚಿನ ಕಪ್ಲಿಂಗ್‌ಗೆ (ಗೇರ್‌ಬಾಕ್ಸ್, ಶಾಫ್ಟ್ ಸೇರುವ ತಟ್ಟೆಗಳು) ಸುತ್ತಲೂ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿದಾಗ 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು.

ಇನ್ನೊಂದು, ಗಡಿಯವರಿಗೆ ಮಾತ್ರ ಗೊತ್ತಿರುವ ತಲೆನೋವು. ಕರ್ನಾಟಕದಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ಜೂನ್ 1ರಿಂದಲೇ ರಜೆ, ಕೇರಳದ ಟ್ರಾಲಿಂಗ್ ನಿಷೇಧ ಜೂನ್ 9ರ ಮಧ್ಯರಾತ್ರಿಯಿಂದ. ಕೇರಳದ ನಮ್ಮ ಕಡೆಯವರು ಬೋಟ್ ಎಳೆದು ಮೆಕ್ಯಾನಿಕ್ ಹುಡುಕುವ ಹೊತ್ತಿಗೆ ಮಂಗಳೂರು ಬಂದರಿನವರ ಕೈ ತುಂಬಿರುತ್ತದೆ. ಏಪ್ರಿಲ್‌ನಲ್ಲೇ ಹೇಳಿಡಿ.

ಈಗ ಬಳಕೆಯ ಮಾತು. ಹೀಟ್ ಮುಳ್ಳು ಒಂದೇ ಕಡೆ ನಿಂತಿರುತ್ತದೆ. ಆಯಿಲ್ ಬಣ್ಣ ಕೆಟ್ಟಿಲ್ಲ. ಮಳೆಗಾಲದ ರಜೆ ಮುಗಿದು ಮೊದಲ ಸಲ ಸ್ಟಾರ್ಟ್ ಮಾಡುವಾಗಲೂ ತಕರಾರಿಲ್ಲ. ಟ್ಯಾಂಕ್ ತುಂಬಿಸಿಟ್ಟರೆ ಒಳಗೆ ಬೆವರಿ ಡೀಸೆಲ್‌ಗೆ ನೀರು ಸೇರುವುದೂ ಕಡಿಮೆ. ಎಕ್ಸ್‌ಚೇಂಜರ್‌ನ ಸತುವಿನ ಆನೋಡ್ ಮಾತ್ರ ಮರೆಯಬೇಡಿ, ಅದು ಕರಗಿ ಮುಗಿದರೆ ಉಪ್ಪು ಎಕ್ಸ್‌ಚೇಂಜರನ್ನೇ ತಿನ್ನಲು ಶುರು. ದೂರು ಒಂದೇ: ನೀರಿನ ಪಂಪ್ ಕೂರಿಸಿರುವ ಜಾಗ. ಇಂಪೆಲ್ಲರ್ ಬದಲಿಸಲು ಹೊಟ್ಟೆ ಅಡಿಯಾಗಿ ಮಲಗಿ, ಕಣ್ಣಿಗೆ ಕಾಣದ ಬೋಲ್ಟುಗಳನ್ನು ಬೆರಳಲ್ಲೇ ಹುಡುಕಬೇಕು. ಡಿಸೈನ್ ಮಾಡಿದವರು ಒಮ್ಮೆ ತೆರೆಯಲ್ಲಿ ನಿಂತು ಈ ಕೆಲಸ ಮಾಡಲಿ. ಅದಕ್ಕಾಗಿ ಐದರಲ್ಲಿ ನಾಲ್ಕು.