ಸೇಡಂ ರಸ್ತೆಯಲ್ಲಿ ಪ್ಲಾಟು ಕೊಳ್ಳುವವರೇ, ಆ ಎತ್ತರದ ಅಂಕಿಯನ್ನು ಸರಿಯಾಗಿ ಓದಿ

ಕಳೆದ ತಿಂಗಳು ನಮ್ಮ ಹೊಸ ಮನೆಯ ತಾರಸಿಯ ಮೇಲಿನ ಮೆಟ್ಟಿಲ ಕೋಣೆಯನ್ನು ಒಡೆಸಬೇಕಾಯಿತು. ಗೌಂಡಿ ಸುತ್ತಿಗೆ ಎತ್ತಿದ ಕೂಡಲೇ ತಾಯಿಯವರು ಕೆಳಗಿಳಿದು ಹೋಗಿ ತುಳಸಿ ಕಟ್ಟೆಯ ಪಕ್ಕ ಕುಳಿತುಬಿಟ್ಟರು. ಬಣ್ಣ ಬಳಿದು ಆರು ತಿಂಗಳೂ ಆಗಿರಲಿಲ್ಲ. ಇನ್ನೊಬ್ಬರಿಗೆ ಈ ಗತಿ ಬರಬಾರದೆಂದು ಬರೆಯುತ್ತಿದ್ದೇನೆ.

2019ರ ನವೆಂಬರ್‌ನಲ್ಲಿ ಕಲಬುರಗಿ ವಿಮಾನ ನಿಲ್ದಾಣ ಶುರುವಾದ ಮೇಲೆ ಶ್ರೀನಿವಾಸ ಸರಡಗಿಯ ಸುತ್ತಲಿನ ತೊಗರಿ ಹೊಲಗಳಿಗೆ ಒಳ್ಳೆಯ ಬೆಲೆ ಬಂತು. ನಾನು ಕೊಂಡ ಪ್ಲಾಟು ರನ್‌ವೇಯ ನೇರಕ್ಕೆ, ಅದರ ತುದಿಯಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ, ದಿಬ್ಬದ ಮೇಲಿದೆ. ಗಾಳಿ ಚೆನ್ನಾಗಿ ಬರುತ್ತದೆಂದು ಆ ದಿಬ್ಬವನ್ನೇ ಮೆಚ್ಚಿ ಕೊಂಡೆ. "ಎನ್‌ಒಸಿ ಆಗಿದೆ ಅಣ್ಣಾ, ನಿಶ್ಚಿಂತೆಯಿಂದ ಕಟ್ಟಿಕೊಳ್ಳಿ" ಎಂದು ದಲ್ಲಾಳಿ ಹಿಂದಿನ ಮಾಲೀಕರು ಮಾಡಿಸಿದ್ದ ಆ ಪತ್ರದ, ಅಂದರೆ ಕಟ್ಟಡದ ಎತ್ತರಕ್ಕೆ ವಿಮಾನ ನಿಲ್ದಾಣ ಪ್ರಾಧಿಕಾರ ಕೊಡುವ ನಿರಾಕ್ಷೇಪಣಾ ಪತ್ರದ, ಜೆರಾಕ್ಸ್ ಕೊಟ್ಟ. ಅನುಮತಿಸಿದ ಎತ್ತರ 481 ಮೀಟರ್ ಎಂದಿತ್ತು, ಸಮುದ್ರ ಮಟ್ಟದಿಂದ. ನಮ್ಮ ಎಂಜಿನಿಯರ್ ಕಾಗದದ ಅಂಚಿನಲ್ಲೇ ಪೆನ್ಸಿಲ್‌ನಿಂದ ಲೆಕ್ಕ ಹಾಕಿದರು: ಕಲಬುರಗಿ 454 ಮೀಟರ್, ಕಳೆದರೆ 27. "ಏಳು ಅಂತಸ್ತು ಏರಿಸಬಹುದು, ನೀವು ಮೂರೇ ಕಟ್ಟುತ್ತಿದ್ದೀರಿ!"

454 ಊರಿನ ಲೆಕ್ಕ. ನನ್ನ ಪ್ಲಾಟಿನ ನೆಲವೇ 470 ಮೀಟರ್ ಎತ್ತರದಲ್ಲಿದೆ. ಉಳಿದದ್ದು 11 ಮೀಟರ್. ಮೂರು ಅಂತಸ್ತು, ತಾರಸಿಯ ಮೋಟುಗೋಡೆ ಸೇರಿ ಅಲ್ಲಿಗೇ ಮುಗಿಯಿತು. ಮೆಟ್ಟಿಲ ಕೋಣೆ ಮತ್ತು ಅದರ ಮೇಲಿನ ನೀರಿನ ಟ್ಯಾಂಕ್ ಮೂರು ಮೀಟರ್ ಹೆಚ್ಚಾಗಿದ್ದವು. ಟ್ಯಾಂಕ್ ಕಟ್ಟಡವಲ್ಲ ಎಂದು ಬಹಳ ವಾದಿಸಿದೆ. ಅಳತೆಗೆ ಬಂದವರು ಅದೇ ಪತ್ರದ ಷರತ್ತಿನ ಮೇಲೆ ಬೆರಳಿಟ್ಟರು. ಟ್ಯಾಂಕ್, ಆಂಟೆನಾ, ಸಿಡಿಲು ತಡೆಯುವ ಸರಳು, ಯಾವುದರ ತುದಿಯೂ ಆ ಅಂಕಿಯನ್ನು ದಾಟುವಂತಿಲ್ಲ. ನನ್ನ ಜೆರಾಕ್ಸ್‌ನಲ್ಲಿ ಮೊದಲ ಪುಟ ಮಾತ್ರ ಇತ್ತು.

ವಿಮಾನ ಇಳಿಯುವ ದಾರಿಯ ಕೆಳಗೆ ಕಣ್ಣಿಗೆ ಕಾಣದ ಇಳಿಜಾರು ಚಾವಣಿಯೊಂದಿದೆ ಎಂದುಕೊಳ್ಳಿ. ದೊಡ್ಡ ರನ್‌ವೇಗಳಲ್ಲಿ ಅದು ತುದಿಯಿಂದ 60 ಮೀಟರ್ ಆಚೆ ಶುರುವಾಗಿ, ಪ್ರತಿ 50 ಮೀಟರಿಗೆ ಒಂದೇ ಮೀಟರ್ ಏರುತ್ತದೆ. ನನ್ನ ಪ್ಲಾಟಿನ ಹತ್ತಿರ ಅದು ರನ್‌ವೇ ಮಟ್ಟಕ್ಕಿಂತ 19 ಮೀಟರಿನಷ್ಟು ಮಾತ್ರ ಮೇಲಿದೆ. ಅದರಲ್ಲಿ ಎಂಟು ಮೀಟರನ್ನು ದಿಬ್ಬವೇ ನುಂಗಿತ್ತು. ರನ್‌ವೇಯ ನೇರ ಬಿಟ್ಟು ಸಾಕಷ್ಟು ಬದಿಗೆ ಸರಿದರೆ, 4 ಕಿಲೋಮೀಟರ್ ಒಳಗೂ ಮಿತಿ ನಿಲ್ದಾಣದ ಮಟ್ಟದಿಂದ 45 ಮೀಟರ್‌ವರೆಗೆ ಇರುತ್ತದೆ. ಹಾಗಾಗಿ ಅತ್ತಕಡೆಯ ಲೇಔಟಿನಲ್ಲಿ ಐದು ಅಂತಸ್ತು ಎದ್ದಿದೆ ಎಂದು ನೀವು ಧೈರ್ಯ ಮಾಡಬೇಡಿ.

2015ರ ಎತ್ತರ ನಿರ್ಬಂಧ ನಿಯಮಗಳ ಹಿಡಿತ ನಿಲ್ದಾಣದ ಸುತ್ತ 20 ಕಿಲೋಮೀಟರ್‌ವರೆಗೆ ಇದೆ, ಮರಗಳಿಗೂ ಅನ್ವಯಿಸುತ್ತದೆ. ಮುಂಗಡ ಕೊಡುವ ಮೊದಲೇ ನಿಮ್ಮ ಪ್ಲಾಟಿನ ನೆಲಮಟ್ಟವನ್ನು ನಿಮ್ಮದೇ ಸರ್ವೆಯರ್‌ನಿಂದ ಅಳೆಸಿ, ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ನಿಮ್ಮ ನಕ್ಷೆಯೊಂದಿಗೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. ಬೀದರಿನವರು ಇದನ್ನು ಗಮನಿಸಬೇಕು: ಅಲ್ಲಿನದು ವಾಯುಪಡೆಯ ನೆಲೆ, ಒಪ್ಪಿಗೆ ಕೊಡುವವರೂ ಅವರೇ.

ನಮ್ಮ ಟ್ಯಾಂಕ್ ಈಗ ಅಂಗಳದಲ್ಲಿದೆ. ನಮ್ಮ ಸಾಲಿನಲ್ಲಿ, ಅದೇ ದಿಬ್ಬದ ಮೇಲೆ, ಇನ್ನೂ ನಾಲ್ಕು ಪ್ಲಾಟುಗಳು ಮಾರಾಟಕ್ಕಿವೆ. ನೋಡಲು ಬಂದರೆ ನಮ್ಮ ಮನೆಗೂ ಬನ್ನಿ, ಕಾಗದಗಳನ್ನೆಲ್ಲ ತೋರಿಸುತ್ತೇನೆ.