ನಮ್ಮ ಮಂಗಲ ಕಾರ್ಯಾಲಯದ ರಿಲೇ ಪ್ಯಾನೆಲ್: ಮೆಚ್ಚಿದ್ದು ಸದ್ದು, ಕೈಕೊಟ್ಟದ್ದು ಕಾಂಟ್ಯಾಕ್ಟ್

ಬಾಗಲಕೋಟೆಯ ನವನಗರದಲ್ಲಿ ನಾನು ನೋಡಿಕೊಳ್ಳುವ ಮಂಗಲ ಕಾರ್ಯಾಲಯದ ದೀಪಗಳನ್ನೆಲ್ಲ 24 ವೋಲ್ಟಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚು) ಪ್ಯಾನೆಲ್ಲಿಗೆ ಬದಲಾಯಿಸಿದ ಮೇಲೆ ಕೆಲವು ಮದುವೆ ಹಂಗಾಮುಗಳು ಕಳೆದಿವೆ. ಪ್ಯಾನೆಲ್ಲಿನ ಅಳತೆ, ರಿಲೇಗಳ ಸಂಖ್ಯೆ ಮುಂತಾದವು ಕಂಪನಿಯ ಹಾಳೆಯಲ್ಲಿ ಸಿಗುತ್ತವೆ. ಆ ಹಾಳೆಯಲ್ಲಿ ಇಲ್ಲದ ಒಂದು ಸಂಗತಿ ಇಂಥ ಪ್ಯಾನೆಲ್ ಹಾಕಿಸಬೇಕೆನ್ನುವವರಿಗೆ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ವೇದಿಕೆಯ ಪಕ್ಕದಲ್ಲಿ ಗೋಡೆ ತುಂಬ ಸ್ವಿಚ್ಚುಗಳಿದ್ದವು, ಪ್ರತಿ ದೀಪದ ಸಾಲಿನ 230 ವೋಲ್ಟಿನ ವೈರು ಅಲ್ಲಿಯವರೆಗೆ ಬಂದು ಮತ್ತೆ ದೀಪಕ್ಕೆ ಮರಳಬೇಕಾಗಿತ್ತು. ಈಗ ದಪ್ಪ ವೈರುಗಳು ಮೇಲಂತಸ್ತಿನ ಪ್ಯಾನೆಲ್ಲಿನಲ್ಲೇ ಮುಗಿಯುತ್ತವೆ. ಗೋಡೆಯ ಬಟನ್ನಿಗೆ ಬರುವುದು ತೆಳುವಾದ ವೈರು ಮಾತ್ರ. ಬೆಲ್ ಪುಶ್‌ನಂತಿರುವ ಆ ಬಟನ್ ಒತ್ತಿದರೆ ರಿಲೇಯ ಕಾಯಿಲ್‌ಗೆ, ಅಂದರೆ ಒಳಗಿನ ತಂತಿಯ ಸುರುಳಿಗೆ, ಕ್ಷಣಮಾತ್ರ ಕರೆಂಟು ಹರಿದು, ದೀಪದ ಕರೆಂಟನ್ನು ಕೂಡಿಸಿ ಬಿಡಿಸುವ ಲೋಹದ ತುದಿ, ಅಂದರೆ ಕಾಂಟ್ಯಾಕ್ಟ್, ಆಚೆ ಬದಿಗೆ ಹೊರಳುತ್ತದೆ ಮತ್ತು ಇನ್ನೊಮ್ಮೆ ಒತ್ತುವವರೆಗೆ ಅಲ್ಲಿಯೇ ನಿಲ್ಲುತ್ತದೆ. ಒಂದೇ ಸಾಲಿನ ದೀಪಕ್ಕೆ ಎಷ್ಟು ಕಡೆ ಬೇಕಾದರೂ ಬಟನ್ ಕೊಡಬಹುದಾದ್ದರಿಂದ ಅಡುಗೆಯವರು ತಮ್ಮ ಬಾಗಿಲಲ್ಲೇ ಊಟದ ಮನೆಯ ದೀಪ ಹಚ್ಚಿಕೊಳ್ಳುತ್ತಾರೆ. ಅವರ ಕೈ ಒದ್ದೆಯಾಗಿದ್ದರೂ ಮೊದಲಿನ ಭಯ ಈಗಿಲ್ಲ.

ಕೆಲಸ ನಡೆಯುವಾಗ ಒಂದು ಜಗಳವಾಯಿತು. ಹಳೆಯ ಪೈಪಿನಲ್ಲಿ ಜಾಗವಿದೆಯೆಂದು ಗುತ್ತಿಗೆದಾರರ ಕೆಲಸಗಾರ 24 ವೋಲ್ಟಿನ ವೈರನ್ನು 230 ವೋಲ್ಟಿನ ವೈರುಗಳ ಜೊತೆಗೇ ಎಳೆಯಲು ಹೊರಟಿದ್ದ. ಒಳಗೆಲ್ಲಾದರೂ ಇನ್ಸುಲೇಶನ್ ಹರಿದರೆ ಪೂರ್ತಿ ವೋಲ್ಟೇಜು ಬಟನ್ನಿಗೇ ಬರುತ್ತದೆಯಾದ್ದರಿಂದ ಎರಡನ್ನೂ ಬೇರೆ ಬೇರೆ ಪೈಪಿನಲ್ಲಿ ಒಯ್ಯಬೇಕು, ಪ್ಯಾನೆಲ್ಲಿನೊಳಗೂ ನಡುವೆ ತಡೆ ಇರಬೇಕು. ಹಟ ಹಿಡಿದು ಬೇರೆ ಕೇಸಿಂಗ್ ಪಟ್ಟಿ ಹೊಡೆಸಿದೆವು. ಹೊಸದಾಗಿ ಬಣ್ಣ ಹಚ್ಚಿದ ಗೋಡೆಯ ಅಂದ ಕೆಟ್ಟಿತಾದರೂ ಅದಕ್ಕೆ ನನಗೆ ಬೇಸರವಿಲ್ಲ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ರಿಲೇಯ ನೆನಪಿನ ಗುಣ. ಸಾಧಾರಣ ಕಾಂಟ್ಯಾಕ್ಟರ್ (ಕಾಯಿಲ್‌ನಲ್ಲಿ ಕರೆಂಟು ಇರುವಷ್ಟು ಹೊತ್ತು ಮಾತ್ರ ಕೂಡಿರುವ ಸ್ವಿಚ್ಚು) ಕರೆಂಟು ಹೋದೊಡನೆ ಬಿಟ್ಟುಕೊಳ್ಳುತ್ತದೆ, ನನ್ನ ಮನೆಯ ಟಚ್ ಬೋರ್ಡಂತೂ ಪ್ರತಿ ಸಲ ಎಲ್ಲವನ್ನೂ ಮರೆತು ಕೂರುತ್ತದೆ. ಇಲ್ಲಿ ಹಾಗಿಲ್ಲ. ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಕರೆಂಟು ಹೋದರೂ, ಜನರೇಟರ್ ಹಿಡಿದ ಕೂಡಲೇ ಮಂಟಪದ ದೀಪಗಳು ಮಾತ್ರ ಮರಳಿ ಬರುತ್ತವೆ, ಆರಿಸಿಟ್ಟ ಊಟದ ಮನೆ ಆರಿಯೇ ಇರುತ್ತದೆ. ಈ ಸ್ಥಿತಿಯನ್ನು ಹಿಡಿದಿಡಲು ಕಾಯಿಲ್‌ಗೆ ಕರೆಂಟೇ ಬೇಕಿಲ್ಲವಾದ್ದರಿಂದ ಗುಂಯ್‌ಗುಡುವ ಸದ್ದೂ ಇಲ್ಲ, ಬಿಸಿಯೂ ಇಲ್ಲ.

ರಾತ್ರಿ ಕಾರ್ಯಾಲಯ ಮುಚ್ಚುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬೀಗರು ಪಾತ್ರೆ ಪಡಗ, ಉಳಿದ ಬುಂದೆ ಲಾಡುಗಳನ್ನೆಲ್ಲ ಟೆಂಪೋಗೆ ಏರಿಸಿದ ಮೇಲೆ ಕಾವಲುಗಾರ ಗೇಟಿನ ಪಕ್ಕದ ಒಂದೇ ಬಟನ್ ಒತ್ತುತ್ತಾನೆ. ಪ್ಯಾನೆಲ್ಲಿನ ನಿಯಂತ್ರಕವು ರಿಲೇಗಳನ್ನು ಒಟ್ಟಿಗೆ ಹೊರಳಿಸದೆ ಒಂದರ ಹಿಂದೊಂದು ಹೊರಳಿಸುವುದರಿಂದ, ಖಾಲಿ ಕಟ್ಟಡದಲ್ಲಿ ಟಕ್, ಟಕ್ ಎಂದು ಮೇಲಿನಿಂದ ಕೇಳಿಸುತ್ತ, ಮೊದಲು ಮಂಟಪ, ಬಳಿಕ ಊಟದ ಮನೆ, ಕೊನೆಗೆ ವರಾಂಡ ಆರುತ್ತವೆ. ಅವನು ಬೆರಳು ಮಡಚಿ ಸದ್ದುಗಳನ್ನು ಎಣಿಸಿ, ಲೆಕ್ಕ ಸರಿಬಂದರೆ ಬೀಗ ಹಾಕುತ್ತಾನೆ. ಹಿಂದೆ ಇದೇ ಕೆಲಸಕ್ಕೆ ಪ್ರತಿ ಕೋಣೆಯನ್ನೂ ಸುತ್ತಬೇಕಾಗುತ್ತಿತ್ತು.

ದೋಷ ಮೊದಲು ಗೊತ್ತಾದದ್ದೂ ಈ ಎಣಿಕೆಯಿಂದಲೇ. "ಸಾಹೇಬ್ರ, ಊಟದ ಮನಿದು ಒಂದು ಬ್ಯಾರೆ ಸಪ್ಪಳ ಮಾಡಾಕತ್ತೈತ್ರಿ" ಎಂದು ಅವನು ಒಂದು ರಾತ್ರಿ ಹೇಳಿದ. ಟಕ್ ಎನ್ನುವಲ್ಲಿ ಮಂದವಾದ ಠಪ್ ಬಂದಿತ್ತು. ಗೋಡೆಯ ಬಟನ್ನಿನ ಸೂಚಕ ದೀಪ ಆರಿದ್ದರೂ ಒಳಗೆ ಒಂದು ಸಾಲು ಪೂರ್ತಿ ಉರಿಯುತ್ತಲೇ ಇತ್ತು. ಆ ಸೂಚಕ ನಾವು ಕೊಟ್ಟ ಆಜ್ಞೆಯನ್ನಷ್ಟೇ ತೋರಿಸುತ್ತದೆ, ಕಾಂಟ್ಯಾಕ್ಟಿನ ನಿಜಸ್ಥಿತಿಯನ್ನಲ್ಲ. ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರಿನ ಹಿಡಿಯಿಂದ ರಿಲೇಯನ್ನು ಮೆಲ್ಲಗೆ ತಟ್ಟಿದಾಗ ದೀಪ ಆರಿತು. ಕಾಂಟ್ಯಾಕ್ಟಿನ ಎರಡು ತುದಿಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು.

ಆ ಸಾಲಿನಲ್ಲಿದ್ದುದು 36 ವ್ಯಾಟಿನ ಇಪ್ಪತ್ತು ಎಲ್‌ಇಡಿ ಪ್ಯಾನೆಲ್ ದೀಪಗಳು, ಅಂದರೆ ಮೂರೂವರೆ ಆಂಪಿಯರ್ ಆಸುಪಾಸು. ರಿಲೇಯ ಮೇಲೆ ಬರೆದದ್ದು 16 ಆಂಪಿಯರ್. ಗುತ್ತಿಗೆದಾರರು ಈ ಲೆಕ್ಕವನ್ನೇ ಮುಂದಿಟ್ಟು ರಿಲೇ ಕೆಟ್ಟಿರಲು ಸಾಧ್ಯವೇ ಇಲ್ಲವೆಂದು ವಾದಿಸಿದರು, ಬೆಸೆದ ರಿಲೇ ಕೈಗಿಟ್ಟರೂ ಒಪ್ಪಲಿಲ್ಲ. ವಾಸ್ತವದಲ್ಲಿ ಆ 16 ಹೀಟರಿನಂಥ ಲೋಡಿಗೆ ಹೇಳಿದ ಸಂಖ್ಯೆ. ದೀಪ ಹಚ್ಚಿದೊಡನೆ ಎಲ್‌ಇಡಿ ಡ್ರೈವರಿನೊಳಗಿನ (ದೀಪಕ್ಕೆ ತಕ್ಕ ಕರೆಂಟು ಒದಗಿಸುವ ಸರ್ಕಿಟ್ಟಿನೊಳಗಿನ) ಕೆಪ್ಯಾಸಿಟರ್, ಅಂದರೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಭಾಗ, ತುಂಬಿಕೊಳ್ಳುವ ಆ ಕ್ಷಣದಲ್ಲಿ, ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಹೊತ್ತು, ಡ್ರೈವರು ತನ್ನ ಎಂದಿನ ಕರೆಂಟಿನ ಹತ್ತಾರು ಪಟ್ಟು ಎಳೆಯುತ್ತದೆ. ಅಷ್ಟರಲ್ಲೇ ಕಾಂಟ್ಯಾಕ್ಟ್ ಪುಟಿದು ಕಿಡಿ ಹಾರಿದರೆ ಲೋಹ ಕರಗಿ ಅಂಟಿಕೊಳ್ಳುತ್ತದೆ. ಇದಕ್ಕೆಂದೇ ಮುಖ್ಯ ಕಾಂಟ್ಯಾಕ್ಟಿಗಿಂತ ಮೊದಲು ಕೂಡಿ ಆ ಹೊಡೆತ ತಾಳುವ, ಸುಲಭವಾಗಿ ಕರಗದ ಟಂಗ್‌ಸ್ಟನ್ ಲೋಹದ ಕಾಂಟ್ಯಾಕ್ಟ್ ಇರುವ, 20 ಮಿಲಿಸೆಕೆಂಡಿಗೆ 165 ಆಂಪಿಯರ್ ತಾಳುವ ರಿಲೇಗಳು ಮಾರುಕಟ್ಟೆಯಲ್ಲಿವೆ. ಎಲ್‌ಇಡಿ ದೀಪಗಳ ಕಟ್ಟಡಕ್ಕೆ ಅದನ್ನೇ ಕೊಡಬೇಕಾಗಿತ್ತು. ಕೊಟೇಶನ್ನಿನಲ್ಲಿ ಎಲ್‌ಇಡಿ ಎಂಬ ಪದ ಸಾಲುಸಾಲಾಗಿ ಇದ್ದೂ ಅಗ್ಗದ ರಿಲೇ ತುಂಬಿದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಬದಲಿ ರಿಲೇ ಇಲ್ಲಿಯ ಅಂಗಡಿಗಳಲ್ಲಿ ಸಿಗದೆ ಪುಣೆಯಿಂದ ತರಿಸಬೇಕಾಯಿತು. ಅದು ಬರುವವರೆಗೆ ಆ ಸಾಲನ್ನು ಎಂಸಿಬಿಯಿಂದಲೇ (ಹೆಚ್ಚು ಕರೆಂಟು ಹರಿದರೆ ತಾನೇ ಬಿಡುವ ರಕ್ಷಣಾ ಸ್ವಿಚ್ಚಿನಿಂದಲೇ) ಹಚ್ಚಿ ಆರಿಸಿದೆವು. ಹಳೆಯ ಮಾದರಿಯ ಬೋರ್ಡಿಗಿಂತ ಎರಡು ಪಟ್ಟಿಗೂ ಹೆಚ್ಚು ಹಣ ಕೊಟ್ಟವನಿಗೆ ಇದು ನುಂಗಲಾರದ ಮಾತು. ಎರಡು ಮೂರು ಕೋಣೆಗಳ ಅಂಗಡಿಗೋ ಮನೆಗೋ ಈ ಖರ್ಚು ಬೇಡವೆಂದೇ ನನ್ನ ಅಭಿಪ್ರಾಯ. ಹತ್ತಾರು ಸಾಲು ದೀಪಗಳನ್ನು ಹಲವು ಕಡೆಯಿಂದ ಹಚ್ಚಿ ಆರಿಸಬೇಕಾದ ಕಾರ್ಯಾಲಯ, ಕಾಲೇಜು, ಆಸ್ಪತ್ರೆಗಳವರು ಹಾಕಿಸಲಿ, ಆದರೆ ಎಲ್‌ಇಡಿಗೆ ತಾಳುವ ರಿಲೇಯ ಮಾದರಿ ಸಂಖ್ಯೆಯನ್ನು ಕೊಟೇಶನ್ನಿನಲ್ಲೇ ಬರೆಸಿಕೊಂಡು, ಒಂದೆರಡು ಬಿಡಿ ರಿಲೇಗಳನ್ನು ಮೊದಲೇ ಕೊಂಡಿಟ್ಟುಕೊಳ್ಳಲಿ.

ಬದಲಾಯಿಸಿದ ಸಾಲು ಈವರೆಗೆ ತೊಂದರೆ ಕೊಟ್ಟಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲದಿರುವಾಗ ಮಂಟಪದ ಮತ್ತು ಊಟದ ಮನೆಯ ಉಳಿದ ರಿಲೇಗಳನ್ನೂ ಬದಲಾಯಿಸಲಿದ್ದೇವೆ. ವರಾಂಡದ ಸಾಲುಗಳಲ್ಲಿ ನಾಲ್ಕೈದೇ ದೀಪಗಳಿರುವುದರಿಂದ ಅಲ್ಲಿ ಹಳೆಯವೇ ಇರಲಿ ಎಂದು ಬಿಟ್ಟಿದ್ದೇನೆ.