ಬಟ್ಟೆ ಡೈಪರ್ ಸೆಟ್: ಕವರ್‌ಗೆ ಪೂರ್ತಿ ಅಂಕ, ಪ್ಯಾಡ್‌ಗೆ ಸೊನ್ನೆ

ಬಟ್ಟೆ ಡೈಪರ್ ಬಗ್ಗೆ ಐದು ಸ್ಟಾರ್ ಕೊಟ್ಟ ವಿಮರ್ಶೆಗಳಲ್ಲಿ ಹೆಚ್ಚಿನವು ಕೊಂಡ ಮೊದಲ ವಾರದಲ್ಲೇ ಬರೆದವು. ಆಗ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ನಮ್ಮ ಮಗಳು ಈಗ ಡೈಪರ್ ಬಿಡುವ ಹಂತದಲ್ಲಿದ್ದಾಳೆ, ಆದ್ದರಿಂದ ಇದು ಪೂರ್ತಿ ಬಳಸಿ ನೋಡಿದವಳ ಮಾತು. ಸೈಜು, ಬಣ್ಣ, ಟಿಚ್ ಬಟನ್ ಎಷ್ಟು ಸಾಲು ಅನ್ನುವುದೆಲ್ಲ ಪ್ಯಾಕೆಟ್ ಮೇಲೇ ಇದೆ. ನನ್ನ ಸಿಟ್ಟಿರುವುದು ಸೆಟ್ ಜೊತೆ ಬರುವ ಪ್ಯಾಡ್ ಮೇಲೆ.

ಕೊಂಡಿದ್ದು ದುಡ್ಡು ಉಳಿಸುವುದಕ್ಕೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಹುಟ್ಟಿದ ಹೊಸದರಲ್ಲಿ ಮಗುವಿಗೆ ದಿನಕ್ಕೆ 8ರಿಂದ 12 ಸಲ ಡೈಪರ್ ಬದಲಿಸಬೇಕಾಗುತ್ತದೆ. ಮನೆಗೆ ಬರುತ್ತಿದ್ದುದು ಒಂದೇ ಸಂಬಳ. ಬಿಸಾಡುವ ಡೈಪರ್ ತಂದಷ್ಟೂ ಸಾಲುತ್ತಿರಲಿಲ್ಲ. ಒಮ್ಮೆ ದುಡ್ಡು ಹಾಕಿದರೆ ಮುಗಿಯಿತು ಅಂದುಕೊಂಡು ಈ ಪಾಕೆಟ್ ಡೈಪರ್ ಸೆಟ್ ತಂದೆವು. ಹೊರಗೆ ನೀರು ಇಳಿಯದ ಕವರ್, ಒಳಗೆ ಮೆತ್ತನೆ ಬಟ್ಟೆ, ನಡುವಿನ ಜೇಬಿಗೆ ಪ್ಯಾಡ್ ತುರುಕುವುದು.

ಪ್ಯಾಡ್ ಮೈಕ್ರೋಫೈಬರ್‌ನದು. ಬೇಗ ಹೀರುತ್ತದೆ, ನಿಜ. ಆದರೆ ಒತ್ತಡ ಬಿದ್ದರೆ ಹೀರಿದ್ದನ್ನು ಸ್ಪಂಜಿನ ಹಾಗೆ ವಾಪಸ್ ಬಿಡುತ್ತದೆ. ಮಗು ಅಂಗಾತ ಮಲಗಿರುವ ತಿಂಗಳುಗಳಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಕೂರಲು ಕಲಿತ ಮೇಲೆ ಶುರುವಾಯಿತು ನೋಡಿ. ತೊಡೆ ಮೇಲೆ ಕೂರಿಸಿಕೊಂಡರೆ ನನ್ನ ಬಟ್ಟೆ ಒದ್ದೆ, ಸೀಟಿಗೆ ಕೂರಿಸಿ ಬೆಲ್ಟ್ ಹಾಕಿದರೆ ಸೀಟು ಒದ್ದೆ. ಬಿಚ್ಚಿ ನೋಡಿದರೆ ಪ್ಯಾಡಿನ ಅರ್ಧಭಾಗ ಇನ್ನೂ ಒಣಗೇ ಇರುತ್ತಿತ್ತು!

ಆಮೇಲೆ ವಾಸನೆ. ಉಚ್ಚೆಯಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾ ಅಮೋನಿಯಾ ಮಾಡುತ್ತದೆ. ಒತ್ತಾಗಿ ಹೊಲಿದ ಆ ದಪ್ಪ ಪ್ಯಾಡಿನೊಳಗೆ ನೀರು ಸರಿಯಾಗಿ ಆಡುವುದಿಲ್ಲ, ಹಾಗಾಗಿ ಎಷ್ಟು ಒಗೆದರೂ ಸ್ವಲ್ಪ ಉಳಿದೇ ಬಿಡುತ್ತದೆ. ಒಣಗಿದಾಗ ಏನೂ ಇಲ್ಲ. ಮಗು ಒಂದು ಸಲ ಒದ್ದೆ ಮಾಡಿದರೆ ಸಾಕು, ಕಣ್ಣು ಉರಿಯುವ ಘಾಟು. ಫ್ಯಾಬ್ರಿಕ್ ಸಾಫ್ಟನರ್ ನಾವು ಮುಟ್ಟಿದವರೇ ಅಲ್ಲ, ಅದು ನೂಲಿಗೆ ಪದರದ ಹಾಗೆ ಅಂಟಿ ಹೀರುವ ಗುಣ ಕೆಡಿಸುತ್ತದೆ ಅಂತ ಪ್ಯಾಕೆಟ್ ಮೇಲೇ ಬರೆದಿತ್ತು. ಕಂಪನಿಗೆ ದೂರು ಕೊಟ್ಟರೆ ಬಂದ ಉತ್ತರ: ಒಗೆಯಲು ನಮ್ಮ ವಿಶೇಷ ಲಿಕ್ವಿಡ್ ಬಳಸಿ, ಸೋರುತ್ತಿದ್ದರೆ ನಮ್ಮ ಬೂಸ್ಟರ್ ಪ್ಯಾಡ್ (ಜೊತೆಗೆ ಇಡುವ ಇನ್ನೊಂದು ಪ್ಯಾಡ್) ಕೊಳ್ಳಿ. ಚೆನ್ನಾಗಿದೆ ಅಲ್ವಾ? ಉಳಿತಾಯಕ್ಕೆ ಅಂತ ತಂದ ವಸ್ತುವಿನ ಹಿಂದೆ ಖರ್ಚಿನ ಸಾಲು.

ದಾರಿ ತೋರಿಸಿದ್ದು ಅತ್ತೆ. ಕವರ್ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದೇನೋ ಚೆನ್ನಾಗಿದೆ ಕಣಮ್ಮ. ಆ ಪ್ಲಾಸ್ಟಿಕ್ ದಿಂಬು ತೆಗೆದು ಹಳೆ ಬೆಡ್‌ಶೀಟ್ ಮಡಚಿ ಇಡು" ಅಂದರು. ಮೈಕ್ರೋಫೈಬರ್ ಹೆಚ್ಚಾಗಿ ಪಾಲಿಯೆಸ್ಟರೇ, ಆದ್ದರಿಂದ ಪ್ಲಾಸ್ಟಿಕ್ ಅಂದಿದ್ದು ತಪ್ಪೇನಲ್ಲ.

ಹತ್ತಿ ಬಟ್ಟೆ ನಿಧಾನಕ್ಕೆ ಹೀರುತ್ತದೆ, ಆದರೆ ಹೀರಿದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ಹೊಸ ಹತ್ತಿಯಾದರೆ ಅದರ ಸಹಜ ಎಣ್ಣೆಯಂಶ ಹೋಗುವವರೆಗೆ ನಾಲ್ಕಾರು ಸಲ ಒಗೆಯಬೇಕು. ಹಳೆ ಬೆಡ್‌ಶೀಟಿಗೆ ಆ ಕೆಲಸ ಆಗಿಯೇ ಇರುತ್ತದೆ. ಚೌಕಕ್ಕೆ ಕತ್ತರಿಸಿ ಅಂಚು ಹೊಲಿದು, ಮಡಚಿ ಜೇಬಿಗೆ ತುರುಕಿದೆವು. ಒಗೆಯುವಾಗ ಬಿಡಿಸಿದರೆ ಅದು ಒಂದೇ ಪದರದ ಬಟ್ಟೆ, ಸೋಪೂ ನೀರೂ ಎಲ್ಲ ಕಡೆ ತಲುಪುತ್ತದೆ. ಘಾಟು ಹೋಯಿತು. ಪ್ಯಾಡ್ ಒಣಗಲು ಒಂದು ಹಗಲು ಪೂರ್ತಿ ಬೇಕಿತ್ತು, ಇದು ಬೇಗ ಒಣಗುತ್ತದೆ. ಬಿಸಾಡಲು ಮನಸ್ಸು ಬಾರದ ಪ್ಯಾಡ್‌ಗಳು ಈಗ ಕಿಟಕಿ ಗಾಜು ಒರೆಸುತ್ತಿವೆ. ಆ ಕೆಲಸಕ್ಕೆ ಬಹಳ ಒಳ್ಳೆಯವು.

ಇಷ್ಟೆಲ್ಲ ಬೈದರೂ ಕವರ್ ಮೇಲೆ ನನಗೆ ಪ್ರೀತಿ ಬಂದಿದೆ. ಬೆಳಿಗ್ಗೆ ಒಗೆದದ್ದನ್ನು ಬಿಸಿಲಿಗೆ ಹರವುವಾಗ ಹಳದಿ ಕಲೆ ಇರುತ್ತದೆ. ಒದ್ದೆ ಇದ್ದಾಗಲೇ ಕಲೆಯ ಭಾಗ ಬಿಸಿಲಿಗೆ ಮುಖ ಮಾಡಿದರೆ, ತೆಗೆಯುವ ಹೊತ್ತಿಗೆ ಕಲೆ ಮಾಯ. ಎದೆಹಾಲು ಮಾತ್ರ ಕುಡಿಯುವ ಮಗುವಿನ ಕಕ್ಕದ ಕಲೆ ಅಂತೂ ಗುರುತೂ ಉಳಿಯುವುದಿಲ್ಲ. ರಾತ್ರಿ ಊಟ ಆದ ಮೇಲೆ ಮೂವರೂ ನೆಲದ ಮೇಲೆ ಕೂರುತ್ತೇವೆ. ಗಂಡ ಬಟ್ಟೆ ಮಡಚುತ್ತಾರೆ, ನಾನು ಜೇಬಿಗೆ ತುರುಕುತ್ತೇನೆ, ಮಗಳು ಕವರ್ ಒಂದೊಂದಾಗಿ ಕೊಡುತ್ತಾಳೆ. ಮೀನಿನ ಚಿತ್ರ ಇರುವುದನ್ನು ಮಾತ್ರ ಕೊಡುವುದಿಲ್ಲ, ತಲೆಗೆ ಹಾಕಿಕೊಳ್ಳುತ್ತಾಳೆ. ಬಿಸಾಡುವ ಡೈಪರ್‌ನಲ್ಲಿ ಈ ಮಜಾ ಎಲ್ಲಿ?

ಬಟ್ಟೆ ಡೈಪರ್‌ನಿಂದ ನಿಜವಾಗಿ ಲಾಭ ಇದೆಯೇ ಅನ್ನುವವರಿಗೆ ಒಂದು ಮಾತು. ಬ್ರಿಟನ್ನಿನ ಎನ್ವಿರಾನ್‌ಮೆಂಟ್ ಏಜೆನ್ಸಿ 2008ರ ಅಧ್ಯಯನದಲ್ಲಿ ಇದರ ಪರಿಸರದ ಲೆಕ್ಕ ಹಾಕಿತ್ತು. ಎಲ್ಲವೂ ಒಗೆಯುವ ರೀತಿಯ ಮೇಲೆ ನಿಂತಿದೆ ಅಂತ ಕಂಡುಬಂತು. ಮೆಷಿನ್ ತುಂಬಿಸಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೇ ಮಗುವಿಗೂ ಬಳಸಿದರೆ ಲಾಭ ಜಾಸ್ತಿ. ನಮ್ಮ ಜೇಬಿನ ಲೆಕ್ಕವೂ ಅದೇ ದಾರಿಯಲ್ಲಿ ಹೋಗುತ್ತದೆ. ಡ್ರೈಯರ್‌ನ ಬಿಸಿಗೆ ಎಲಾಸ್ಟಿಕ್ಕೂ ಹೊರಪದರವೂ ಬೇಗ ಹಾಳಾಗುತ್ತವೆ. ನಾವು ಹಗ್ಗಕ್ಕೇ ಹಾಕಿದ್ದು, ನಮ್ಮವು ಇನ್ನೂ ಗಟ್ಟಿ ಇವೆ.

ಸಣ್ಣಪುಟ್ಟ ತಕರಾರು ಇಲ್ಲದಿಲ್ಲ. ಹುಟ್ಟಿದ ದಿನದಿಂದ ಸರಿಹೋಗುತ್ತದೆ ಅನ್ನುವುದು ಸುಮ್ನೆ ಮಾತು, ತೊಡೆಯ ಹತ್ತಿರ ಬೆರಳು ತೂರುವಷ್ಟು ಸಂದಿ ಇತ್ತು. ರ‍್ಯಾಶ್ ಕ್ರೀಮ್ ಹಚ್ಚಿದ ದಿನ ಮೇಲೊಂದು ತೆಳು ಬಟ್ಟೆ ಹಾಸಬೇಕು, ಇಲ್ಲದಿದ್ದರೆ ಜಿಡ್ಡು ಒಳಬಟ್ಟೆಗೆ ಅಂಟುತ್ತದೆ. ರಾತ್ರಿಗೆ ನಾವು ಬಿಸಾಡುವ ಡೈಪರನ್ನೇ ಹಾಕಿದ್ದು. ದಿನಕ್ಕೆ ಒಂದೇ ಆದ್ದರಿಂದ ಪ್ಯಾಕೆಟ್ ಬಹಳ ದಿನ ಬರುತ್ತದೆ, ನಿದ್ದೆಯೂ ಉಳಿಯುತ್ತದೆ.

ಆದ್ದರಿಂದ ಸೆಟ್ ಕೊಳ್ಳಬೇಡಿ, ಬರೀ ಕವರ್ ಸಿಕ್ಕರೆ ಕೊಳ್ಳಿ. ಒಬ್ಬರು ಬಳಸಿದ್ದಾದರೂ ಅಡ್ಡಿಯಿಲ್ಲ. ತೊಡೆಯ ಎಲಾಸ್ಟಿಕ್ ಎಳೆದು ಬಿಡಿ, ತಕ್ಷಣ ಕುಗ್ಗಬೇಕು. ಒಳಮೈ ಹೊರಗೆ ಬರುವ ಹಾಗೆ ತಿರುಗಿಸಿ ಬೆಳಕಿಗೆ ಹಿಡಿಯಿರಿ. ನೀರು ತಡೆಯುವ ಹೊಳೆಯುವ ಪದರ ಎಲ್ಲಾದರೂ ಎದ್ದಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ, ಪುಕ್ಕಟೆ ಕೊಟ್ಟರೂ ಬೇಡ.